ಆವಿ ಕಟ್ಟದ ಕನ್ನಡಕವೂ ನನ್ನ ಎಡಗಣ್ಣೂ

ಕಣ್ಣು ಜೋಪಾನ ಎಂದು ಊರಿಗೆ ಹೇಳಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಚಳ್ಳಕೆರೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ನನ್ನ ಪಾಡಿಗೆ ನಾನಿದ್ದೆ. ಹೆಂಡತಿಯ ತಮ್ಮ ಮುಚ್ಚಿಹೋಗಿದ್ದ ಎಣ್ಣೆ ಮಿಲ್ಲೊಂದನ್ನು ಬಾಡಿಗೆಗೆ ಹಿಡಿದು ಅಲ್ಲಿ ಏರ್‌ಸಾಫ್ಟ್ ಆಟ ಶುರು ಮಾಡಿದ. ನೋಡಲು ಥೇಟ್ ಬಂದೂಕು, ಹಾರುವುದು ಬಟಾಣಿಗಿಂತ ಸಣ್ಣ ಪ್ಲಾಸ್ಟಿಕ್ ಗುಂಡು. ಮೈಗೆ ಬಿದ್ದರೆ ಚುರುಕ್ ಅನ್ನುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕ್ಯಾಂಪಸ್ಸುಗಳು ಬಂದಿವೆ, ಅಲ್ಲಿನವರು ಭಾನುವಾರ ಮುಗಿಬೀಳುತ್ತಾರೆ ಎಂದು ಅವನ ಎಣಿಕೆ. ಅಲ್ಲಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದವರು ನಮ್ಮ ಮಾರುಕಟ್ಟೆಯ ಶೇಂಗಾ ವ್ಯಾಪಾರಿಗಳು, ಮೊಳಕಾಲ್ಮೂರಿನ ಸೀರೆ ಅಂಗಡಿಯವರು.

"ಭಾವ, ಕಣ್ಣಿನ ಗ್ಲಾಸ್ ಆರಿಸೋದು ನಿಮ್ ಜವಾಬ್ದಾರಿ. ನಾಳೆ ಯಾರ್ದಾದ್ರೂ ಕಣ್ಣು ಹೋದ್ರೆ ನಿಮ್ಮನ್ನೇ ಕೇಳ್ತಾರೆ" ಎಂದ ಭಾಮೈದ. ಲಾಭ ಅವನಿಗೆ, ಊರಿನವರ ಕಣ್ಣೆಲ್ಲ ನನ್ನ ತಲೆಗೆ.

ಪೂಜೆ

ನಮ್ಮೂರಲ್ಲಿ ಮಂಜು ಬೀಳುವುದು ಕನ್ನಡಕದ ಒಳಗೆ ಮಾತ್ರ. ಬಿಸಿಲಿಗೆ ಓಡಿ ಬೆವೆತರೆ ಎರಡೇ ನಿಮಿಷದಲ್ಲಿ ಗಾಜಿಗೆ ಆವಿ ಕಟ್ಟುತ್ತದೆ. ಕಾಣದಾದಾಗ ಎಂಥ ಜಾಣನೂ ಮಾಡುವುದು ಒಂದೇ ಕೆಲಸ, ಕನ್ನಡಕ ತೆಗೆದು ಕಣ್ಣು ಬಯಲಿಗಿಡುವುದು. ಅದಕ್ಕೇ ನಾನು ಹುಡುಕಿ ಹುಡುಕಿ, ಒಳಮೈಗೆ ಆವಿ ಕಟ್ಟದಂಥ ಲೇಪ ಬಳಿದಿದ್ದ ಕನ್ನಡಕ ತರಿಸಿದೆ. ಒಳಗೆ ಬಟ್ಟೆ ಕೂಡ ಮುಟ್ಟಿಸಬೇಡಿ, ಲೇಪ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿದ್ದೆ.

ಆಯುಧಪೂಜೆ ಬಂತು. ಭಾಮೈದನ ತಾಯಿ, ಅಂದರೆ ನಮ್ಮ ಅತ್ತೆ, ಬಂದೂಕುಗಳ ಜೊತೆಗೆ ಕನ್ನಡಕಗಳನ್ನೂ ಸಾಲಾಗಿ ಇಟ್ಟು ಒಂದೊಂದು ಗಾಜಿಗೂ ಮೂರೆಳೆ ವಿಭೂತಿ, ನಡುವೆ ಕುಂಕುಮ ಇಟ್ಟರು. ಮರುದಿನ ಹೋಗಿ ನೋಡುತ್ತೇನೆ, ಅಷ್ಟನ್ನೂ ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಹಿತ್ತಾಳೆ ಚೆಂಬುಗಳ ಪಕ್ಕ ಬೋರಲು ಹಾಕಿದ್ದಾರೆ!

"ಅತ್ತೆ, ವಿಭೂತಿ ಇದ್ದಿದ್ದು ಹೊರಗಡೆ. ಒಳಗ್ಯಾಕೆ ತಿಕ್ಕಿದ್ರಿ?" ಎಂದು ಹೆಚ್ಚುಕಡಿಮೆ ಅತ್ತೇಬಿಟ್ಟೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊರಗಡೆ ಮಾತ್ರ ತೊಳೆಯೋದು ನಿಮ್ಮನೇಲಿ ಇರ್ಬೌದಪ್ಪ. ನಮ್ಮನೇಲಿ ಆ ಪದ್ಧತಿ ಇಲ್ಲ."

ಜರಡಿ

ಲೇಪ ಹೋದ ಮೇಲೆ ಭಾಮೈದನಿಗೆ ಜ್ಞಾನೋದಯವಾಯಿತು. ಗಾಜಿದ್ದರೆ ತಾನೇ ಆವಿ? ಗಾಜಿನ ಬದಲು ತಂತಿಜಾಲಿ ಹಾಕಿಸಿಬಿಡೋಣ ಎಂದ. ಜಾಲಿಯ ಕನ್ನಡಕ ಈ ಆಟದಲ್ಲಿ ಇಲ್ಲದ್ದೇನಲ್ಲ, ಆದರೆ ಜಾಲಿಯ ತೂತು ಬಲು ಸಣ್ಣದಿರಬೇಕು, ತಂತಿ ಗಟ್ಟಿಯಿರಬೇಕು ಎಂದೆ. ಕೋಣನ ಮುಂದೆ ಕಿನ್ನರಿ. ಅವನು ಮಿಲ್ಲಿನ ಮೂಲೆಯಲ್ಲಿ ಬಿದ್ದಿದ್ದ ಶೇಂಗಾ ಜರಡಿಯನ್ನು ಕತ್ತರಿಸಿ, ಎದುರಿನ ಗ್ಯಾರೇಜಿನ ಮೆಕ್ಯಾನಿಕ್ ಸಾಹೇಬರ ಕೈಯಲ್ಲಿ ಫ್ರೇಮಿಗೆ ಬೆಸುಗೆ ಹಾಕಿಸಿದ.

ನಾನು ಬೂದುಗುಂಬಳಕಾಯಿಯೊಂದಕ್ಕೆ ಅದನ್ನು ಕಟ್ಟಿ, "ಹೊಡಿಯಲೇ ನೋಡೋಣ" ಎಂದೆ. ಭಾಮೈದ ಹೊಡೆದ. ಗುಂಡು ಜರಡಿಯ ತೂತಿನಲ್ಲಿ ಸಲೀಸಾಗಿ ನುಗ್ಗಿ ಕುಂಬಳಕಾಯಿಯ ಸಿಪ್ಪೆಯಲ್ಲಿ ಕೂತುಬಿಟ್ಟಿತು. ಅದು ಮನುಷ್ಯನ ಕಣ್ಣಾಗಿದ್ದರೆ?

ಸಾಹೇಬರು ಬಗ್ಗಿ ನೋಡಿ ನಿಧಾನವಾಗಿ ತೀರ್ಪು ಕೊಟ್ಟರು. "ಜರಡಿ ಬರೋಬ್ಬರ್ ಐತೆ ಭಾಯ್. ಗುಂಡೇ ಸಣ್ಣದು. ಕಡ್ಲೆಬೀಜ ಹಾಕಿ ಹೊಡೀರಿ, ಒಂದೂ ದಾಟಲ್ಲ."

ಬಾರ್ಡರ್

ಕೊನೆಗೆ ಎರಡು ಪದರ ಗಾಜಿನವು ತರಿಸಿದೆ. ನಡುವೆ ಗಾಳಿ ಇರುವುದರಿಂದ ಒಳಗಾಜು ತಣ್ಣಗಾಗುವುದಿಲ್ಲ, ಆವಿ ಕೂರುವುದಿಲ್ಲ. ತಿಕ್ಕಿದರೂ ಗಾಳಿಯನ್ನು ತಿಕ್ಕಲಾರರಲ್ಲ ಎಂಬ ಧೈರ್ಯ ನನ್ನದು.

ಆ ಭಾನುವಾರ ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಬಂದರು. ಒಂದು ಕನ್ನಡಕ ಕೊಟ್ಟೆ. ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿಯನ್ನು ಹೊಸಕಿ ನೋಡಿದರು. ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದರು. "ಇದೇ ಗಾಜಲ್ಲಿ ಬೇರೆ ಬಾರ್ಡರ್ ಐತಾ?" ತೆಗೆದೆ. "ಇನ್ನೂ ಒಸಿ ಗಾಢ ಕಲರ್?" ತೆಗೆದೆ. ಪೆಟ್ಟಿಗೆ ಖಾಲಿಯಾಗಿ ಕನ್ನಡಕಗಳೆಲ್ಲ ಚಾಪೆಯ ಮೇಲೆ ಹರಡಿದವು. ಆಮೇಲೆ ಅವರು ಎದ್ದು, ಜೇಬಿನಿಂದ ತಮ್ಮದೇ ಕೂಲಿಂಗ್ ಗ್ಲಾಸ್ ತೆಗೆದು ಹಾಕಿಕೊಂಡರು.

"ಯಾವ್ದೂ ಹಿಡಿಸ್ಲಿಲ್ವಾ?" ಎಂದೆ, ಹಲ್ಲು ಕಚ್ಚಿಕೊಂಡು.

"ಎಲ್ಲಾ ಬಾಗುಂದಿ, ಚೆನ್ನಾಗೇ ಐತೆ. ಜೀವಮಾನ ಪೂರ್ತಿ ನಾವು ಕುಂತು ತೆಗೆದು ತೋರ್ಸಿದ್ದೇ ಆಯ್ತು. ನಮಗೂ ಯಾರಾನಾ ಒಂದ್ಸಲ ತೋರ್ಸಲಿ ಅಂತ ಆಸೆ ಇತ್ತು, ಅಷ್ಟೇ."

ನೋಡಲು ಬಂದವರು

ನಾನು ಬೇಡವೆಂದರೂ ಕೇಳದೆ ವ್ಯಾಪಾರಿ ಹಾಕಿಕೊಂಡು ಇಳಿದ ಕೂಲಿಂಗ್ ಗ್ಲಾಸಿಗೆ ಆಟದ ಶುರುವಿನಲ್ಲೇ ಆವಿ ಕಟ್ಟಿತು. "ಏಮೀ ಕನಪಡ್ಲೇದು, ಏನೂ ಕಾಣಲ್ಲ!" ಎಂದು ಕೂಗುತ್ತಾ ಅವರು ಅಂಗಳದ ನಡುವೆ ಅದನ್ನು ತೆಗೆದು ಪಂಚೆಯಲ್ಲಿ ಒರೆಸತೊಡಗಿದರು. ನಾಲ್ಕೂ ಕಡೆಯಿಂದ ಗುಂಡು ಹಾರುತ್ತಿತ್ತು. ನಾನು ಓಡಿಹೋಗಿ ನನ್ನ ಮುಖದ ಮೇಲಿದ್ದ ಎರಡು ಪದರದ್ದನ್ನು ಬಿಚ್ಚಿ ಅವರಿಗೆ ಹಾಕಿದೆ. ಅಷ್ಟರಲ್ಲಿ ಗೋಡೆಯ ಹಿಂದಿನಿಂದ ಭಾಮೈದ ಹಾರಿಸಿದ ಗುಂಡು ನೇರ ನನ್ನ ಎಡಗಣ್ಣಿಗೆ ಬಂತು.

ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಆ ಕಣ್ಣಿನಲ್ಲಿ ಈಗ ಜಗತ್ತೆಲ್ಲ ಮಬ್ಬು. ಡಾಕ್ಟರು ಇನ್ನು ಇಷ್ಟೇ ಎಂದಿದ್ದಾರೆ. ಸಿಟ್ಟು ಬರುವುದಿಲ್ಲವೇ ಎಂದು ಕೇಳುತ್ತಾರೆ. ಬರುತ್ತದೆ, ದಿನವೂ ಬರುತ್ತದೆ.

ಕಟ್ಟು ಬಿಚ್ಚಿದ ದಿನ ಮೂವರೂ ಬ್ರೆಡ್ಡು ಬಾಳೆಹಣ್ಣು ಹಿಡಿದು ಮನೆಗೆ ನೋಡಲು ಬಂದರು: ಅತ್ತೆ, ಭಾಮೈದ, ಸೀರೆ ವ್ಯಾಪಾರಿ. ಬಾಗಿಲಲ್ಲಿ ಅವರನ್ನು ಕಂಡು ನಾನು ಎದ್ದು ಕೂತೆ. ಮೂವರೂ ನಾನು ತರಿಸಿದ ಎರಡು ಪದರದ ಕನ್ನಡಕವನ್ನು, ಪಟ್ಟಿ ಬಿಗಿದು, ಒಂದೆಳೆ ಗಾಳಿಯೂ ನುಸುಳದಂತೆ ಹಾಕಿಕೊಂಡಿದ್ದರು.

"ಇದೇನ್ರೀ ವೇಷ?"

"ಕೆಂಪು ಕಣ್ಣು ನೋಡಿದ್ರೆ ನೋಡ್ದೋರಿಗೂ ಬರ್ತೈತಲ್ಲಪ್ಪ. ನಮ್ ಕಣ್ಣು ನಾವ್ ನೋಡ್ಕಬೇಕಲ್ಲ" ಎಂದರು ಅತ್ತೆ.

ಹೆಂಡತಿ ಹೊಗೆಯಾಡುವ ಕಾಫಿ ತಂದಿಟ್ಟಳು. ಲೋಟ ಮೂಗಿನವರೆಗೆ ಎತ್ತಿ ಕುಡಿದರೂ ಯಾರೊಬ್ಬರೂ ಕನ್ನಡಕ ತೆಗೆಯಲಿಲ್ಲ. ನನಗೆ ತಡೆಯಲಾಗಲಿಲ್ಲ. "ಆವಿ ಕಟ್ತಿಲ್ವೇನ್ರೀ?" ಎಂದು ವ್ಯಾಪಾರಿಯನ್ನು ಕೇಳಿದೆ.

"ಏ, ಒಂಚೂರೂ ಇಲ್ರೀ!" ಎಂದರು ಅವರು, ನನ್ನ ಕೆಂಪು ಕಣ್ಣನ್ನೇ ದಿಟ್ಟಿಸುತ್ತಾ. "ಎಲ್ಲಾ ಶಾನೆ ಕ್ಲೀನಾಗಿ ಕಾಣ್ತೈತೆ."