ಕ್ಯಾಂಪಿನ ರೇಡಿಯೋ ನನ್ನ ಕೊರಳಿಗೆ ಬಿದ್ದದ್ದು

ತಲೆ ತಗ್ಗಿಸುವ ಪ್ರಸಂಗಗಳು ಕೆಲವರಿಗೆ ಯಾವಾಗಲೋ ಒಮ್ಮೆ ಬರುತ್ತವೆ. ನನಗೆ ಅವು ಊಟ ತಿಂಡಿಯಷ್ಟೇ ನೇಮವಾಗಿ ಬರುತ್ತಿದ್ದವು. ಅದರಲ್ಲೂ ಆ ರೇಡಿಯೋ ಕೈಗೆ ಬಂದ ಮೇಲಂತೂ ಅವಕ್ಕೆ ಬಿಡುವೇ ಇರಲಿಲ್ಲ.

ತುಂಗಭದ್ರೆಯ ಕಾಲುವೆ ಆದವಾನಿ ಸೀಮೆಗೆ ಬರುತ್ತಿದ್ದ ಕಾಲ ಅದು. ಕೋಸಗಿಯ ಹತ್ತಿರ ಕಾಲುವೆ ತೋಡುವ ಕಂತ್ರಾಟುದಾರರ ಕ್ಯಾಂಪು. ಅಲ್ಲಿ ಸಲಿಕೆ, ಗುದ್ದಲಿ, ಸಿಮೆಂಟು ಚೀಲ ಕೊಟ್ಟು ತಗೊಳ್ಳುವ ಸ್ಟೋರಿನ ಗುಮಾಸ್ತ ನಾನು. ನಮ್ಮ ಮ್ಯಾನೇಜರು ಕರಾವಳಿ ಆಂಧ್ರದ ಕಡೆಯವರು. ಕೂಲಿ ಜನ ಸಂಜೆ ಬೇಜಾರಾಗಿ ಊರಿಗೆ ಓಡಿಹೋಗಬಾರದೆಂದು ಕಂತ್ರಾಟುದಾರರು ಒಂದು ರೇಡಿಯೋ ಕಳಿಸುತ್ತಾರೆಂದು ಸುದ್ದಿ ಬಂದಾಗ ಅವರು ನನ್ನನ್ನು ಕರೆದು, "ಏಮಯ್ಯಾ, ರೇಡಿಯೋ ಸಂಗತಿ ನೀಕು ತೆಲುಸಾ?" ಎಂದು ಕೇಳಿದರು.

ಆದವಾನಿಯ ಬಜಾರದಲ್ಲಿ ರೇಡಿಯೋ ಅಂಗಡಿಯ ಮುಂದೆ ನಿಂತು ಎಷ್ಟೋ ಸಲ ಹಾಡು ಕೇಳಿದ್ದೆ. ನನ್ನ ರೇಡಿಯೋ ವಿದ್ಯೆ ಅಷ್ಟೇ. "ತೆಲುಸಂಡಿ", ಗೊತ್ತು ಎಂದುಬಿಟ್ಟೆ.

ಕಾಯಿಸುವುದು

ಕ್ಯಾಂಪಿಗೆ ಕರೆಂಟು ಇರಲಿಲ್ಲ. ಆ ರೇಡಿಯೋ ನಡೆಯಬೇಕಾದದ್ದು ಲಾರಿ ಬ್ಯಾಟರಿಯ ಮೇಲೆ. ಆದವಾನಿಗೆ ಹೋಗಿ ರೇಡಿಯೋ ತರುವಾಗ ಅಲ್ಲಿಯ ಅಂಗಡಿಯವನು ನನಗೆ ಎಲ್ಲ ವಿವರವಾಗಿ ಹೇಳಿದ್ದ. ಕೆಂಪು ತಂತಿ ಎಲ್ಲಿಗೆ, ಕರೇ ತಂತಿ ಎಲ್ಲಿಗೆ, ಬ್ಯಾಟರಿ ಹತ್ತಿರ ಬೀಡಿ ಸೇದಬಾರದು, ಅದನ್ನು ವಾಲಿಸಬಾರದು, ಅದರೊಳಗಿನದು ನೀರಲ್ಲ ಆಸಿಡ್ಡು ಎಂದೆಲ್ಲ. ನಾನು ತಲೆಯಾಡಿಸುತ್ತ, ಕಣ್ಣೆಲ್ಲ ಮುಳ್ಳು ತಿರುಗುವ ಆ ಗಾಜಿನ ಪಟ್ಟಿಯ ಮೇಲೆ ಇಟ್ಟಿದ್ದೆ.

ಮೊದಲ ದಿನ ಸಂಜೆ ಕೂಲಿ ಜನ, ಮಣ್ಣು ಹೊರುವ ಹೆಂಗಸರು, ಲಾರಿ ಡ್ರೈವರು, ಎಲ್ಲರೂ ಸ್ಟೋರಿನ ಮುಂದೆ ಬಂದು ಕೂತರು. ಮ್ಯಾನೇಜರಿಗೆ ಕುರ್ಚಿ ಹಾಕಿಸಿದೆ. ತಂತಿ ಸಿಕ್ಕಿಸಿ ಗುಂಡಿ ತಿರುಗಿಸಿದೆ. ಒಳಗೆ ಗುಂಯ್ ಅಂದದ್ದು ಬಿಟ್ಟರೆ ಏನೂ ಇಲ್ಲ. ಸದ್ದಿನ ಗುಂಡಿಯನ್ನು ಪೂರ್ತಿ ತಿರುವಿದೆ. ಡಬ್ಬಿ ತಟ್ಟಿದೆ. ಜನ ನನ್ನ ಮುಖ ನೋಡಹತ್ತಿದರು. ಬೆವರೊರೆಸಿಕೊಂಡು ಮ್ಯಾನೇಜರ ಕಡೆ ತಿರುಗಿ, ಅಂಗಡಿಯವನು ಸುಟ್ಟ ಮಾಲು ಕೊಟ್ಟಾನ್ರಿ, ಇದನ್ನ ಮದರಾಸಿಗೇ ಕಳಿಸಬೇಕು ಎಂದು ದೊಡ್ಡ ದನಿಯಲ್ಲಿ ಹೇಳಿದೆ.

ಒಳಗಿನ ವಾಲ್ವುಗಳು ಕಾಯಲು ಒಂದಿಷ್ಟು ಹೊತ್ತು ಬೇಕೆಂದು ಆ ಅಂಗಡಿಯವನು ಹೇಳಿದ್ದನ್ನೂ ನಾನು ಕೇಳಿಸಿಕೊಂಡಿರಲಿಲ್ಲ. ನನ್ನ ಮಾತು ಮುಗಿಯುವುದಕ್ಕೂ ರೇಡಿಯೋ ಕಾಯುವುದಕ್ಕೂ ಸರಿಯಾಯಿತು. ಧಾರವಾಡದಿಂದ ರೈತರಿಗೆ ಕೋಳಿ ಸಾಕಣೆ ಹೇಳಿಕೊಡುತ್ತಿದ್ದವರ ದನಿ ಇಡೀ ಕ್ಯಾಂಪಿಗೆ ಕೇಳುವಂತೆ ಗುಡುಗಿತು: "ಕಾವಿಗೆ ಕೂತದ್ದನ್ನು ಪದೇ ಪದೇ ಮುಟ್ಟಬಾರದು. ತಾಳ್ಮೆಯಿಂದ ಕಾಯಬೇಕು."

ಮ್ಯಾನೇಜರು ಕನ್ನಡ ಬರುವುದಿಲ್ಲ ಎನ್ನುತ್ತಿದ್ದವರು. ಅಂದು ಮಾತ್ರ ಎಲ್ಲ ತಿಳಿದವರಂತೆ ನಕ್ಕರು.

ಅರ್ತು

ಸದ್ದಿನ ಜೊತೆ ಗರಗರ ಎಂಬ ಗೊರಕೆ ಬರುತ್ತಿತ್ತು. ರೇಡಿಯೋದಿಂದ ಒಂದು ತಂತಿ ಎಳೆದು, ಹೊರಗೆ ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ ಎಂದು ಡ್ರೈವರು ಹೇಳಿದ. ಅದಕ್ಕೆ ಅರ್ತು ಅನ್ನುತ್ತಾರೆ, ನೆಲ ಹಸಿಯಾಗಿರಬೇಕು ಎಂದ. ಹಾಗೇ ಮಾಡಿದೆ, ಗೊರಕೆ ಕಡಿಮೆಯಾಯಿತು. ಕೂಡಲೇ ವಿದ್ಯೆ ನನ್ನದೇ ಎಂಬಂತೆ ಎಲ್ಲರಿಗೂ ಪಾಠ ಹೇಳಿದೆ. ನೆಲಕ್ಕೆ ತೇವ ಎಷ್ಟು ಬಿದ್ದೀತೋ ದನಿ ಅಷ್ಟು ಸ್ವಚ್ಛ ಆಗ್ತೈತಿ ಎಂದೆ.

ನಮ್ಮ ಸೀಮೆಯಲ್ಲಿ ಬೇಸಿಗೆಗೆ ಕುಡಿಯುವ ನೀರೇ ಬಂಡಿಯಲ್ಲಿ ಬರಬೇಕು. ಕೊಳವೆಯ ಬುಡಕ್ಕೆ ನೀರು ಯಾರು ಹಾಕುತ್ತಾರೆ ಎಂದು ನಾನು ಯೋಚಿಸಲಿಲ್ಲ. ನೆಲ ಮಾತ್ರ ದಿನಾ ಹಸಿಯಾಗಿಯೇ ಇರುತ್ತಿತ್ತು.

ಒಂದು ಸಂಜೆ ಕಾಲುವೆ ನೋಡಲು ದೊಡ್ಡ ಇಂಜಿನಿಯರ್ ಸಾಹೇಬರು ಬಂದರು. ಚಹಾ ಕುಡಿಯುತ್ತ ವಾರ್ತೆ ಕೇಳುತ್ತ ಕೂತರು. ರೇಡಿಯೋದ ಗೊರಕೆ ಶುರುವಾಯಿತು. ಬಾಗಿಲಲ್ಲಿ ನಿಂತಿದ್ದ ನಮ್ಮ ಕಾವಲುಗಾರ ಮುದುಕನಿಗೆ ಕ್ಯಾಂಪಿನ ಮಾನ ಹೋಗುತ್ತದೆ ಅನ್ನಿಸಿರಬೇಕು. ಲಗುಬಗೆಯಿಂದ ಹೊರಗೆ ಹೋದ. ಕಿಟಕಿಯ ಎದುರಿಗೇ, ನಮಗೆ ಬೆನ್ನು ಮಾಡಿ, ಕೊಳವೆಯ ಬುಡದಲ್ಲಿ ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕೂತ.

ಸಾಹೇಬರು ಕಪ್ಪು ಕೆಳಗಿಟ್ಟು, ಆ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ಮ್ಯಾನೇಜರು ನನ್ನನ್ನು ನೋಡಿದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

"ಅರ್ತಿಂಗ್ ಕೊಡಾಕ ಹತ್ಯಾನ್ರಿ ಸಾಹೇಬ್ರ" ಎಂದೆ.

ಅಷ್ಟರಲ್ಲಿ ವಾರ್ತೆ ಗಾಜಿನಂತೆ ಸ್ವಚ್ಛವಾಗಿ ಕೇಳಹತ್ತಿತು. ಮುದುಕ ಎದ್ದು ಪಂಚೆ ಸರಿಮಾಡಿಕೊಂಡು, ಕಿಟಕಿಯಿಂದ ಸಾಹೇಬರಿಗೆ ಕೈಮುಗಿದು, "ಈಗ ಸರಿ ಐತೇನ್ರಿ?" ಎಂದ.

ದೂಡಿಕೆ

ರೇಡಿಯೋದ ಬ್ಯಾಟರಿ ಇಳಿದಾಗ ಲಾರಿಯದನ್ನೇ ಬಿಚ್ಚಿ ತಂದು ನಡೆಸುತ್ತಿದ್ದೆವು. ಮ್ಯಾನೇಜರ ಅತ್ತೆ ಬಂದಿದ್ದ ವಾರ ಸಂಜೆಯ ಹಾಡು ಜೋರಾಗಿಯೇ ನಡೆಯಿತು. ಆಕೆ ಹೊರಡುವ ಬೆಳಿಗ್ಗೆ ಕೋಸಗಿ ಸ್ಟೇಷನ್ನಿಗೆ ಬಿಡಲು ಲಾರಿಯ ಮುಂದಿನ ಸೀಟಿನಲ್ಲಿ ಕೂಡಿಸಿದರೆ ಇಂಜಿನ್ನು ಉಸಿರೇ ಎತ್ತಲಿಲ್ಲ. ಬ್ಯಾಟರಿಯ ಜೀವವನ್ನೆಲ್ಲ ನಾವು ಕುಡಿದುಬಿಟ್ಟಿದ್ದೆವು. ಇಂಜಿನ್ನು ತಿರುವುವ ಹ್ಯಾಂಡಲು ರಿಪೇರಿಗೆ ಹೋಗಿತ್ತು.

ಡ್ರೈವರು ನನ್ನನ್ನು ನೋಡಿದ. ನಾನು ಹೆಗಲು ಕೊಟ್ಟೆ. ಕೂಲಿ ಜನವೂ ಬಂದರು. ಏರಿನ ಕಡೆ ದೂಡಹತ್ತಿದೆವು. ಅತ್ತೆಯವರು ಕಿಟಕಿಯಿಂದ ತಲೆ ಹೊರಹಾಕಿ, ಹಿಂದೆ ನಿಂತು ನೋಡುತ್ತಿದ್ದ ಅಳಿಯನಿಗೆ ಶಾಂತವಾಗಿ ಹೇಳಿದರು: "ಪಾಟಲು ನುವ್ವು ಕೂಡಾ ವಿನ್ನಾವು ಕದಾ, ನಾಯನಾ. ನುವ್ವೂ ತೊಯ್ಯಿ."

ಹಾಡು ನೀನೂ ಕೇಳಿದ್ದೀಯಲ್ಲ, ನೀನೂ ದೂಡು ಎಂದು. ಮ್ಯಾನೇಜರು ಚಪ್ಪಲಿ ಬಿಟ್ಟು ನನ್ನ ಪಕ್ಕಕ್ಕೆ ಬಂದರು. ಆಮೇಲೆ ಬಹಳ ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಹೆಣ್ಣು ನೋಡಿದ್ದು

ಇದೇ ಕಾಲಕ್ಕೆ ನನ್ನ ಸೋದರಮಾವ ಕೋಸಗಿಯಲ್ಲಿ ಒಂದು ಹೆಣ್ಣು ಗೊತ್ತು ಮಾಡಿದ್ದ. ಹುಡುಗಿಯ ತಂದೆ ಶಾಲೆಯ ಮೇಷ್ಟ್ರು. ಹೆಣ್ಣು ನೋಡಲು ಹೋಗುವ ದಿನವೇ ನಾನು ಆದವಾನಿಯಿಂದ ಬ್ಯಾಟರಿ ಚಾರ್ಜು ಮಾಡಿಸಿಕೊಂಡು ಬರುವುದಿತ್ತು. ಎರಡೂ ಕೆಲಸ ಒಂದೇ ರೈಲಿನಲ್ಲಿ ಆಗುತ್ತದೆಂದು ಹೊಸ ಬಿಳಿ ಪ್ಯಾಂಟು ಹಾಕಿಕೊಂಡು ಹೋದೆ.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ಯಾಟರಿ ಕೆಳಗಿಟ್ಟರೆ ಯಾರಾದರೂ ಒದ್ದಾರೆಂದು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡೆ. ದಾರಿಯಲ್ಲಿ ತೊಡೆ ತಣ್ಣಗಾಯಿತು. ಬೆವರಿರಬೇಕು ಅಂದುಕೊಂಡೆ.

ಬ್ಯಾಟರಿಯನ್ನು ಮೇಷ್ಟ್ರ ಜಗಲಿಯ ಮೇಲಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಉಪ್ಪಿಟ್ಟು ಬಂತು. ಹುಡುಗಿಯೂ ಬಂದಳು. ಸರಿಯಾಗಿ ನೋಡುವಷ್ಟರಲ್ಲಿ ತೊಡೆ ಉರಿಯಹತ್ತಿತು. ಯಾರಿಗೂ ಕಾಣದಂತೆ ಮೆಲ್ಲಗೆ ಕೆರೆದುಕೊಂಡೆ. ಬೆರಳು ಪ್ಯಾಂಟಿನೊಳಗೇ ಹೋಯಿತು. ಇನ್ನೊಂದು ಕಡೆ ಮುಟ್ಟಿದೆ. ಅಲ್ಲಿಯೂ ಹೋಯಿತು. ಅರಿವೆ ನೆನೆದ ಹಪ್ಪಳವಾಗಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತೆ.

ಎದ್ದು ಹುಡುಗಿಯ ಅಜ್ಜಿಗೆ ನಮಸ್ಕಾರ ಮಾಡೆಂದು ಪಕ್ಕದಲ್ಲಿ ಕೂತಿದ್ದ ಮಾವ ಹೇಳಿದ. ಆಮೇಲೆ ಮಾಡ್ತೀನಿ ಅಂದೆ. ಮೇಷ್ಟ್ರು ತೋಟ ನೋಡೋಣ ಬರ್ರಿ ಅಂದರು. ಇಲ್ಲಿಂದಲೇ ಕಾಣ್ತೈತಿ ಅಂದೆ. ತೋಟ ಮನೆಯ ಹಿಂದಿತ್ತು. ಒಳಗಿದ್ದವರು ಪಿಸುಗುಟ್ಟಹತ್ತಿದರು. ಮಾವನ ಮುಖ ಕೆಂಪಾಯಿತು. ಮೂಲೆಯಲ್ಲಿ ಕೂತ ಹುಡುಗಿಯ ಅಜ್ಜಿ ನನ್ನನ್ನೇ ನೋಡುತ್ತಿದ್ದರು.

"ಹುಡುಗನ ಕಾಲಿನಾಗ ಏನೋ ಊನ ಐತಿ" ಎಂದರು ಅಜ್ಜಿ. "ದಿನಾ ನಾವು ಹುಡುಗೀನ ನಡಿಸಿ ತೋರಸ್ತೀವಿ. ಇವತ್ತು ಹುಡುಗನ್ನ ನಡಸರಿ."

ಸಂಬಂಧ ಕೈಬಿಡುವ ಹೊತ್ತು. ಮಾವ ನನ್ನ ರಟ್ಟೆ ಹಿಡಿದು ಎಬ್ಬಿಸಿಯೇಬಿಟ್ಟ. ನಾನು ಎದ್ದೆ. ಪ್ಯಾಂಟು ಏಳಲಿಲ್ಲ. ಸೊಂಟದಲ್ಲಿ ಬೆಲ್ಟು, ಪಾದದ ಹತ್ತಿರ ಎರಡು ಮಡಿಕೆ ಉಳಿದವು. ನಡುವಿನದು ಚಾಪೆಯ ಮೇಲೆ ಚೂರುಚೂರಾಗಿ ಬಿತ್ತು. ನಾನು ಪಟ್ಟೆಪಟ್ಟೆಯ ಚಡ್ಡಿಯಲ್ಲಿ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ.

ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಅದರ ಹಿಂದೆ ನಗು. ಮೇಷ್ಟ್ರು ಹೊರಗೆ ಹೋಗಿ ಜಗಲಿ ನೋಡಿದರು. ಬ್ಯಾಟರಿಯ ಕೆಳಗೆ ನೆಲದಿಂದ ನೊರೆ ಏಳುತ್ತಿತ್ತು. ಇದು ಆಸಿಡ್ಡಿನ ಕೆಲಸವೆಂದು ಅವರಿಗೆ ಅರ್ಥವಾಯಿತು. ನನ್ನನ್ನು ಬಚ್ಚಲಿಗೆ ಕರೆದೊಯ್ದು ತೊಡೆಗೆ ಕೊಡಗಟ್ಟಲೆ ನೀರು ಹುಯ್ದು, ತಮ್ಮದೇ ಪಂಚೆ ಉಡಿಸಿದರು. ಮರಳಿ ಬಂದು ಕೂತಾಗ ನನ್ನ ಕುತ್ತಿಗೆ ಎತ್ತಲು ಬರಲಿಲ್ಲ. ಮಾವ ಗೋಡೆ ನೋಡುತ್ತ, ಹಾಗಾದರ ನಾವು ಹೊರಡ್ತೀವ್ರಿ ಎಂದ.

"ಎಲ್ಲಿಗೆ ಹೋಗ್ತೀರಿ, ಕೂಡ್ರಿ" ಎಂದರು ಅಜ್ಜಿ. "ತಾಂಬೂಲದ ತಟ್ಟಿ ತರ್ರವ್ವಾ. ಹುಡುಗನ ಕಾಲು ಎರಡೂ ಚಲೋ ಅದಾವ. ಮನಿಮಂದಿಯೆಲ್ಲಾ ನೋಡೀವಿ."