ಕರಿಮುಸುಕಿನಂವಾ ಕೆಂಪ್ಯಾಗ ಏನಾಗಬೇಕು?

ಬೀಗರ, ಈ ಸರ್ತಿ ಹೇಳೂದು ಒಂದೊಂದು ಮಾತೂ ಖರೇ ಅದ. ಬೀರಪ್ಪನ ಭಂಡಾರ ಹಣೀಗಿ ಹಚ್ಚಿಕೊಂಡು ಕುಂತೀನಿ. ನಗಬ್ಯಾಡ್ರಿ! ನಿಮ್ಮ ಮನಿಗಿ ಮಗಳನ್ನ ಕೊಟ್ಟಂವಾ ನಿಮ್ಮ ಮುಂದ ಝೂಟ್ ಹೇಳ್ತೀನೇನು?

"ಹೋದ ಸರ್ತಿನೂ ಹಿಂಗ ಅಂದಿದ್ರಿ," ಅಂದ್ರು ಬೀಗರು.

ಹೋದ ಸರ್ತಿದು ಬಿಡ್ರಿ. ನಮ್ಮ ಮಂದಿಗಿ ಒಂದು ಹುಚ್ಚು ಅದ. ಇಬ್ಬರು ಗುರ್ತಿಲ್ಲದವ್ರು ಉದಗೀರದಾಗ ಬಸ್ ಹತ್ತಿದ್ರ, ನಿಲಂಗಾ ಬರೂದ್ರಾಗ ಅವ್ರ ಕಾಕಾನ ಸೊಸಿ ಇವ್ರ ಅತ್ತಿ ಆಗಿರ್ತಾಳ. ಆತು, ಮನಷ್ಯಾರಿಗಿ ಹಚ್ಚಿಕೋರಿ. ಟೀವಿ ಒಳಗಿನ ಗೊಂಬಿಗಿ ಯಾಕ ಹಚ್ಚತೀರೋ ಹಲ್ಕಟ್ಟಗಳಿರಾ? ಇವತ್ತಿಗೂ ನೆನಸಿಕೊಂಡ್ರ ಸಿಟ್ಟು ನೆತ್ತಿಗಿ ಏರ್ತದ.

ಯಾವ ಮಾವ?

ನಮ್ಮ ಕಡಿ ಆ ದೊಡ್ಡ ಭೂಕಂಪ ಆಗಿ ನಾಕೈದು ವರ್ಷ ಆಗಿತ್ತು. ಉದಗೀರ ಸ್ಟ್ಯಾಂಡಿನ ಹಿಂದ, ಕಾಳಿನ ಅಡತಿ ಇಟ್ಟಿದ್ದ ಒಬ್ಬ ಸಾಹುಕಾರ್ರ ಬಾಡಿಗಿ ಕೋಲ್ಯಾಗ ನಾ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದೆ. ಕುರಿ ಮಾರಿ ಟೀವಿ ತಂದಿದ್ದೆ. ನಮ್ಮ ಅಪ್ಪ ಸಾಯೂತನಕ ನನ್ನ ಸಂಗಟ ಮಾತಾಡಲಿಲ್ಲ. ಎಲ್ಲಾರೂ ಆಡೂದು ಒಂದೇ ಗೇಮ್. ತಲೀಗಿ ಕೆಂಪು ಪಟಗಾ ಸುತ್ತಿದ ಒಬ್ಬ ಗಂಡಸು, ಅವಗ ಹುಡುಗ್ರು ಕೆಂಪ್ಯಾ ಅಂತಿದ್ರು. ಅವಗ ಬಡಿಲಿಕ್ಕ ಒಬ್ಬ ಕರಿಮುಸುಕಿನಂವಾ. ಪಿಂಜ್ರದಾಗ ಒಬ್ಬ ರಾಣಿ. ಯಾಕ ಬಡದಾಡ್ತಾರ ಅಂತ ಯಾರಿಗೂ ಗೊತ್ತಿಲ್ಲ, ಬರದದ್ದೆಲ್ಲಾ ಚೀನಾ ಅಕ್ಷರ.

ಒಂದಿನ ವಲಾಂಡಿಯ ಕಾಲೇಜ ಹುಡುಗ ಆಡೂದು ಬಿಟ್ಟು ಎದ್ದು ನಿಂತ. "ನನಗ ತಿಳೀತು! ಕರಿಮುಸುಕಿನಂವಾ ಕೆಂಪ್ಯಾನ ಮಾವ!"

ಉಮರ್ಗಾದ ಮರಾಠಿ ಹುಡುಗ ಕೇಳಿದ, "ಅರೇ, ನೀಟ ಸಾಂಗ ನಾ! ಮಾಮಾ ಕೀ ಸಾಸರಾ?" ಅವ್ರ ಭಾಷಾದಾಗ ಅವ್ವನ ಅಣ್ಣ ಮಾಮಾ, ಹೆಣ್ಣ ಕೊಟ್ಟಂವಾ ಸಾಸರಾ. ನಮ್ಮಲ್ಲಿ ಇಬ್ಬರೂ ಮಾವನೇ.

"ಎರಡೂ ಅವನೇ," ಅಂದ ವಲಾಂಡಿಯಂವಾ. "ರಾಣಿ ಅವನ ಮಗಳು. ಕೆಂಪ್ಯಾಗ ಕೊಡಾಕ ಒಲ್ಲೆ ಅಂತಾನ, ಅದಕ್ಕ ಬಡದಾಟ."

"ಪುರಾವಾ ಏನು?"

"ಇಬ್ಬರ ಮೀಸಿ ನೋಡು, ಒಂದೇ ತರಾ ಅವ."

ನಾ ಒದರಿದೆ, "ಲೇ, ಅಂವಾ ಮುಖ ತುಂಬ ಮುಸುಕು ಹಾಕ್ಯಾನ, ಮೀಸಿ ಎಲ್ಲಿ ಕಂಡ್ವೋ ನಿನಗ?"

"ಕಾಕಾ, ಮುಸುಕು ಅಲ್ಲಿ ಜರಾ ಉಬ್ಬೇದ ನೋಡ್ರಿ."

ಭೂಕಂಪ

ಮರುದಿನ ಆ ವಲಾಂಡಿಯಂವಾ ಇನ್ನೊಂದು ಸಂಬಂಧ ಹುಡುಕಿಕೊಂಡು ಬಂದ. "ತಪ್ಪು ಹೇಳಿದ್ದೆ. ರಾಣಿ ಕೆಂಪ್ಯಾನ ಅಕ್ಕನ ಮಗಳು. ಕೆಂಪ್ಯಾನೇ ಆಕಿ ಮಾವ. ಲಗ್ನಾ ಆಗಾಕ ಹೊಂಟಾನ."

ನಮ್ಮ ಮನ್ಯಾಗ ಇದು ಮಾಮೂಲಿ. ನಮ್ಮ ಅವ್ವನ್ನೂ ಆಕಿ ಸೋದರಮಾವನೇ ಮಾಡಿಕೊಂಡಾನ. ಆದ್ರ ಉಮರ್ಗಾದ ಹುಡುಗ ಕಿವಿ ಮುಚ್ಚಿಕೊಂಡ. "ಭಾಚೀಸಂಗಟ ಲಗ್ನಾ? ಛೀ, ಛೀ! ಅಕ್ಕನ ಮಗಳು ಅಂದ್ರ ಸ್ವಂತ ಮಗಳಿದ್ದಂಗ!"

"ನಿಮ್ಮಲ್ಲಿ ಇರಬೇಕು, ಕೆಂಪ್ಯಾ ನಮ್ಮಂವಾ!"

"ಕೆಂಪ್ಯಾ ಮರಾಠಿ! ಪಟಗಾ ನೋಡು ಪಟಗಾ!"

ಜಗಳ ಹತ್ತಿತು ನೋಡ್ರಿ. ಹದಿನೈದು ಹುಡುಗ್ರು ಒಬ್ಬರ ಮ್ಯಾಲ ಒಬ್ಬರು ಬಿದ್ದು ಕುಣದ್ರು. ಕೋಲಿ ಗ್ವಾಡಿ ಭೂಕಂಪದಾಗ ಮೊದಲೇ ಬಿರಕ ಬಿಟ್ಟಿತ್ತು, ದಡದಡ ಅಂತು. ಬಾಜೂಕ ಸಾಹುಕಾರ್ರ ಅಡತಿಯೊಳಗ ಒಬ್ಬ "ಭೂಕಂಪ!" ಅಂದ. ಇಡೀ ಬಜಾರ ಹೊರಗ ಓಡಿತು. ಒಬ್ಬ ಗಿರಾಕಿ ತೊಗರಿ ಚೀಲ ಬಿಟ್ಟು ತಕ್ಕಡಿ ಕಲ್ಲು ಬಗಲಾಗ ಹಿಡಕೊಂಡು ಓಡಿದ.

ಧೂಳು ಇಳಿದ ಮ್ಯಾಲ ಸಾಹುಕಾರ್ರು ನನ್ನ ಮುಂದ ನಿಂತ್ರು. ಕೊರಳಾಗ ಲಿಂಗ, ಹಣೀ ಮ್ಯಾಲ ಇಬತ್ತಿ, ಕಣ್ಣು ಕೆಂಡ. "ಇನ್ನೊಂದು ಸರ್ತಿ ಗದ್ಲ ಆತಂದ್ರ ಕೋಲಿಗಿ ಕೀಲಿ ಹಾಕ್ತೀನಿ. ನೀ ಮತ್ತ ಕುರಿ ಹಿಂದ ಹೋಗು."

ಕುರಿ ಎಲ್ಲಿ ಅವ್ರೀ? ಮಾರಿ ತಿಂದಿದ್ದೆ. ಅಂಗಡಿ ಹೋದ್ರ ನಾ ಎಲ್ಲಿಗೆ ಹೋಗ್ಲಿ? ಗೊಂಬಿಗಳ ಸಂಬಂಧದ ಸಲುವಾಗಿ ನನ್ನ ಹೊಟ್ಟಿ ಮ್ಯಾಲ ಕಲ್ಲು! ಹುಡುಗ್ರಿಗಿ ಬೈದೆ: "ಇನ್ನ ಮ್ಯಾಲ ಯಾರರೆ ಮಾವ ಅಂದ್ರ ಚಪ್ಪಲಿ ಬೀಳ್ತಾವ!"

ಮೂಲ್ಯಾಗಿಂದ ಒಬ್ಬ ಮೆಲ್ಲಕ ಅಂದ, "ಅಳಿಯಾ ಅಂದ್ರ ನಡೀತದೇನ್ರೀ?"

ಮಾಕಣಿ ಮುದುಕಿ

ಚಪ್ಪಲಿ ಅಂಜಿಕಿಗಿ ಒಂದು ವಾರ ತಣ್ಣಗ ಇತ್ತು. ಆಮ್ಯಾಲ ಮಾಕಣಿಯಿಂದ ಒಬ್ಬ ಮುದುಕಿ ಬಂದ್ಳು, ಮೊಮ್ಮಗನ ಕಿವಿ ಹಿಡದು ಒಯ್ಯಾಕ. ನಾ ಖುಷಿ ಆದೆ, ಒಬ್ಬ ಕಮ್ಮಿ ಆಗ್ತಾನ ಅಂತ. ಆಕಿ ಕಿವಿ ಹಿಡಕೊಂಡೇ ಟೀವಿ ಕಡಿ ನೋಡಿದ್ಳು.

"ಪಿಂಜ್ರದಾಗ ಕುಂತಾಕಿ ಯಾವೂರಾಕಿ? ತವರಮನಿ ಯಾವುದು?"

"ಯಾವೂರೂ ಇಲ್ಲವಾ, ಅದು ಗೊಂಬಿ," ಅಂದೆ.

"ತವರಿಲ್ಲದ ಹೆಣ್ಣು ಇರ್ತದೇನೋ? ತವರು ಗಟ್ಟಿ ಇದ್ದಿದ್ರ ಪಿಂಜ್ರದಾಗ ಕುಂದರತಿದ್ದಿಲ್ಲ." ಜರಾ ಹೊತ್ತು ಬಡದಾಟ ನೋಡಿದ್ಳು. "ಇವ್ರು ಮಾವ ಅಳಿಯಾ ಏನೂ ಅಲ್ಲ. ಖಾಸ ಅಣ್ಣತಮ್ಮರು. ಹೊಲ ಹಂಚಿ ಹಿಸೆ ಆಗಿಲ್ಲ."

"ನಿನಗ ಹ್ಯಾಂಗ ಗೊತ್ತಾತವಾ?"

"ಇಷ್ಟು ಮನಸಿಟ್ಟು ಹೊರಗಿನವರಿಗಿ ಯಾರು ಬಡೀತಾರೋ?"

ಸಾಹುಕಾರ್ರು ಆಡಿದ್ದು

ಮುದುಕಿ ಮಾತು ಕೇಳಿ ಅಣ್ಣತಮ್ಮರ ಪಾರ್ಟಿ, ಮಾವನ ಪಾರ್ಟಿ ಎರಡಾದ್ವು. ಮತ್ತ ಗ್ವಾಡಿ ದಡದಡ, ಮತ್ತ ಬಜಾರ ಹೊರಗ. ಸಾಹುಕಾರ್ರು ಈ ಸರ್ತಿ ಕೈಯಾಗ ಕೀಲಿ ಹಿಡಕೊಂಡೇ ಬಂದ್ರು. ಹುಡುಗ್ರು ಕಾಲು ಹಿಡದ್ರು. ನಾನೂ ಹಿಡದೆ, ಹಲ್ಲು ಕಡಕೊಂತ.

"ನೀವೇ ನ್ಯಾಯಾ ಹೇಳ್ರಿ ಅಪ್ಪಾರ, ಇಂವಾ ಅವಗ ಏನಾಗಬೇಕು?" ಅಂದ ವಲಾಂಡಿಯಂವಾ.

ಸಾಹುಕಾರ್ರು ಚಸ್ಮಾ ಹಾಕಿಕೊಂಡು ಕರಿಮುಸುಕಿನವಗ ನೋಡಿದ್ರು. "ಇವನ ಮಠ ಯಾವುದು?"

"ಗೊತ್ತಿಲ್ರೀ."

"ಮಠ ಕೇಳಲಾರದೆ ಸಂಬಂಧ ಹಚ್ಚೀರೇನು? ಸರಿ ಆಕಡಿ!" ಅಂತ ಧೋತ್ರ ಎತ್ತಿ ಕಟ್ಟಿ ತಾವೇ ಆಡಾಕ ಕುಂತ್ರು. "ಇವನ್ನ ಸೋಲಿಸಿ ಮುಸುಕು ತಗಿಸಿ ನೋಡಾನು. ಸಂಬಂಧ ತೀರ್ಮಾನ ಆಗಲಿಲ್ಲಂದ್ರ ಇವತ್ತೇ ಕೀಲಿ."

ಕರಿಮುಸುಕಿನಂವಾ ದಬದಬ ಬಡೀಲಿಕ್ಕ ಹತ್ತಿದ. ಸಾಹುಕಾರ್ರು ಬಟನ್ ಒತ್ತವಲ್ರು.

"ಹೊಡೀರಿ ಅಪ್ಪಾರ!" ಅಂತ ನಾ ಚೀರಿದೆ.

"ಹ್ಯಾಂಗ ಹೊಡೀಲೋ ಮೂರ್ಖಾ? ಖರೇನೇ ಮಾವ ಇದ್ರ? ಹಿರ್ಯಾರು ಅದಾರ, ಎರಡು ಬಡೀಲಿ."

ಕೆಂಪ್ಯಾನ ಜೀವ ಒಂದು ಎಳಿ ಉಳದಿತ್ತು. ಅಷ್ಟರಾಗ ಲೈಟ್ ಹೋತು. ಟೀವಿ ಬಂದ್, ಫ್ಯಾನ್ ಬಂದ್, ಇಡೀ ಉದಗೀರ ಬಂದ್. ನಾ ಲೈಟಿನವ್ರ ಏಳು ಪೀಳಿಗಿ ಉದ್ದಾರ ಮಾಡಿದೆ. ಸಾಹುಕಾರ್ರು ಎದ್ದು ಕೀಲಿ ಹಾಕಾಕ ಬಾಗಲಿಗಿ ಹೋದ್ರು.

ಆವಾಗ ನೋಡ್ರಿ ಬೀಗರ, ಕರಿಮುಸುಕಿನಂವಾ ಬಡಿಯೂದು ಬಿಟ್ಟು ಈ ಕಡಿ ತಿರುಗಿದ. ಮುಸುಕು ತಗದ. ಮೀಸಿ ಅವ, ಹಿಂಗ, ಇಷ್ಟುದ್ದ! ಸಾಹುಕಾರ್ರಿಗಿ ಎರಡೂ ಕೈ ಮುಗದ. "ಶರಣ್ರೀ ಅಪ್ಪಾರ. ನಾ ಅವಗ ಮಾವನೇ ಆಗಬೇಕು. ನಮ್ಮ ಮನಿ ಜಗಳದ ಸಲುವಾಗಿ ಈ ಬಡವನ ಅಂಗಡಿ ಬಂದ್ ಮಾಡಬ್ಯಾಡ್ರಿ," ಅಂದ. ಸ್ವಚ್ಛ ಕನ್ನಡದಾಗ! ಸಾಹುಕಾರ್ರು ಗಳಗಳ ಅತ್ತು, ಕೀಲಿ ತಂದು ನನ್ನ ಕೈಯಾಗ...

"ನಿಂದ್ರಿ, ನಿಂದ್ರಿ," ಅಂದ್ರು ಬೀಗರು, ಚಹಾದ ಬಸಿ ಕೆಳಗಿಟ್ಟು. "ಲೈಟ್ ಹೋಗಿ ಟೀವಿ ಬಂದ್ ಆಗಿತ್ತು ಅಂದ್ರಲ್ಲಾ, ಅಂವಾ ಎಲ್ಲಿ ನಿಂತು ಕೈ ಮುಗದ?"