ಹುಳಿಯಿಲ್ಲದ ಪತ್ರೊಡೆ

ನನ್ನ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಹುಚ್ಚಿಗೂ ಒಂದು ಮಿತಿ ಇರುತ್ತದಪ್ಪ! ಮಾವನಿಗೆ ಅದೆಲ್ಲಿದೆ? ಕೊಪ್ಪದ ಪೇಟೆಯಲ್ಲಿ ಎದುರು ಬಂದವರನ್ನು ಬಿಟ್ಟು ಬೇಲಿಯ ಎಲೆಗಳನ್ನಷ್ಟೇ ಮಾತಾಡಿಸುತ್ತ ಹೋಗುವ ಬಿಳಿ ಪಂಚೆಯವರು ಕಂಡರೆ, ಅವರೇ.

ಇದೆಲ್ಲ ಶುರುವಾದದ್ದು ಅತ್ತೆಯ ಬೆರಳುಗಳಿಂದ. ದಿನಾ ಬೆಳಿಗ್ಗೆ ಬಾಳೆನಾರಿನಲ್ಲಿ ಮೊಳಗಟ್ಟಲೆ ಹೂ ಕಟ್ಟುತ್ತಿದ್ದವರು ಅತ್ತೆ. ಎರಡು ವರ್ಷದಿಂದ ಬೆರಳಿನ ಗಂಟುಗಳು ಊದಿ, ಮುಷ್ಟಿ ಕಟ್ಟಲೂ ಆಗುತ್ತಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ವಯಸ್ಸಾಯಿತಲ್ಲ, ಇನ್ನು ಇಷ್ಟೇ ಎಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾವನಿಗೆ ಆ ಮಾತು ಸೇರಲಿಲ್ಲ.

ಅಷ್ಟರಲ್ಲಿ ಕೊತ್ತಂಬರಿ ಬೀಜ ಕಟ್ಟಿಕೊಂಡು ಬಂದ ಪತ್ರಿಕೆಯ ತುಂಡಿನಲ್ಲಿ ಅರ್ಧ ಲೇಖನ ಸಿಕ್ಕಿತು. ಮೈಯೊಳಗೆ ಮುದಿಯಾದ ಕೆಲವು ಜೀವಕೋಶಗಳು ಕೆಲಸವನ್ನೂ ಮಾಡುವುದಿಲ್ಲವಂತೆ, ಸಾಯುವುದೂ ಇಲ್ಲವಂತೆ. ಸುಮ್ಮನೆ ಕೂತು ಅಕ್ಕಪಕ್ಕದವಕ್ಕೆ ಉರಿ ಹಚ್ಚುತ್ತವಂತೆ. ನಿವೃತ್ತಿಯಾದ ಮೇಲೂ ಸ್ಟಾಫ್ ರೂಮಿಗೆ ಬಂದು ಕೂರುವ ಮೇಷ್ಟ್ರುಗಳ ಹಾಗೆ ಎಂದು ಮಾವ ವಿವರಿಸಿದರು. (ತಾವೂ ವಾರಕ್ಕೆರಡು ಸಲ ಹೋಗುತ್ತಿದ್ದುದು ನೆನಪಿರಲಿಲ್ಲ!) ಗಿಡವೊಂದರಲ್ಲಿರುವ ಅಂಶ ಆ ಉರಿಯೂತವನ್ನು ತಣಿಸಬಹುದು ಎಂದಿತ್ತು. ಯಾವ ಗಿಡ? ಅಲ್ಲಿಗೇ ಪತ್ರಿಕೆ ಹರಿದಿತ್ತು!

ಸರಿ, ಎಲ್ಲ ಗಿಡವನ್ನೂ ನೋಡಿಯೇ ಬಿಡುವುದೆಂದು ಮಾವ ಹೊರಟರು. ಒಂದೆಲಗ, ದೊಡ್ಡಪತ್ರೆ, ನೆಲನೆಲ್ಲಿ, ಹೆಸರಿರುವುದು, ಇಲ್ಲದ್ದು, ಎಲ್ಲವೂ ಮಜ್ಜಿಗೆಯಲ್ಲಿ ಬಿದ್ದು ತಂಬುಳಿಯಾದವು. ಒಮ್ಮೆ ಅಡ್ಡಗದ್ದೆಯ ಮದುವೆಗೆ ಹೊರಟವರು, ಕಿಟಕಿಯಿಂದ ಬಳ್ಳಿಯೊಂದು ಕಂಡಿತೆಂದು ನಡುದಾರಿಯಲ್ಲಿ ಬಸ್ಸಿಳಿದರು. ಎಳೆಬಿಸಿಲಿಗೆ ಎಲೆ ಹಿಡಿದು, ಅದರ ನರಗಳಲ್ಲಿ ಬೆಳಕು ಹರಿಯುವುದನ್ನು ನೋಡುತ್ತ ನಿಂತವರಿಗೆ ಎರಡು ಬಸ್ಸು ಹೋದದ್ದೂ ತಿಳಿಯಲಿಲ್ಲವಂತೆ. ಕೊನೆಗೆ ಊಟದ ಹೊತ್ತಿಗೆ ತಲುಪಿ, ಕೈಲಿದ್ದ ಎರಡು ಚೀಲಗಳಲ್ಲಿ ಒಂದನ್ನು ಮದುಮಗಳಿಗೆ ಕೊಟ್ಟು ಬಂದರು. ಮನೆಯಲ್ಲಿ ಬಿಚ್ಚಿದರೆ ಉಡುಗೊರೆಗೆಂದು ಒಯ್ದ ಸೀರೆ ಚೀಲದಲ್ಲೇ ಇದೆ! ಮಾವ ಮರುಗಿದ್ದು ಮಾತ್ರ ಬಳ್ಳಿಗಾಗಿ.

ಕಳೆದ ತಿಂಗಳು ಕೆಸುವಿನ ಸರದಿ ಬಂತು. ಕೆಸುವಿನೆಲೆಗೆ ಅಕ್ಕಿಹಿಟ್ಟು ಸವರಿ, ಸುತ್ತಿ ಬೇಯಿಸುವ ಪತ್ರೊಡೆಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆಂದು ನಮ್ಮ ಕಡೆ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಮಾವ ಹುಣಸೆಹಣ್ಣನ್ನು ಆಚೆ ಸರಿಸಿದರು.

"ಹುಳಿ ಹಾಕಿದ್ರೆ ಅದರ ಸತ್ವ ಎಲ್ಲ ಹೋಗ್ತದೆ ಮಾರಾಯ್ತಿ" ಎಂದರು ನನಗೆ.

ಊಟಕ್ಕೆ ನಾನೂ ಪಕ್ಕದ ಮನೆಯ ದಂಪತಿಗಳೂ ಇದ್ದೆವು. ಮೊದಲ ತುತ್ತಿಗೆ ಪಕ್ಕದ ಮನೆಯವರ ಮಾತು ನಿಂತಿತು, ಎರಡನೆಯದಕ್ಕೆ ಅವರ ಹೆಂಡತಿ ಬಚ್ಚಲಿಗೆ ಓಡಿದರು. ನಾನು ಬೆಲ್ಲದ ಡಬ್ಬಿಗೇ ಕೈ ಹಾಕಿದೆ. ಉರಿಯೂತ ತಣಿಸಲು ಹೊರಟವರು ಮೂರು ಗಂಟಲಿಗೆ ಬೆಂಕಿ ಇಟ್ಟಿದ್ದರು! ಅತ್ತೆಯೊಬ್ಬರೇ ತಮಗೆ ಬಡಿಸಿದ ಮೂರು ತುಂಡನ್ನೂ ನಿಧಾನವಾಗಿ ತಿಂದು, ಚೆನ್ನಾಗಿದೆ ಎಂದರು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ, ನಿಮಗೆ ತುರಿಸಲಿಲ್ಲವಾ ಎಂದು. ಅತ್ತೆಯ ಕಣ್ಣಲ್ಲಿ ನೀರಿತ್ತು, ದನಿ ಒಡೆದಿತ್ತು.

"ತುರಿಸ್ದೆ ಇರ್ತದಾ ಕೂಸೆ? ಅವ್ರು ತಾವು ತಿನ್ನೂದು ಬಿಟ್ಟು ನನ್ನ ಮುಖನೇ ನೋಡ್ತಾ ಕೂತಿದ್ರು. ಎಂತ ಅಂತ ಹೇಳೂದು?"

ಅಷ್ಟರಲ್ಲಿ ಮಾವ ಒಳಗೆ ಬಂದರು. ಅವಸರದಲ್ಲಿ ಅತ್ತೆಯ ಕೈ ಹಿಡಿದು ಒಂದೊಂದೇ ಗಂಟು ಮುಟ್ಟಿ ನೋಡಿದರು. ನಿನ್ನೆಗಿಂತ ಊತ ಇಳಿದಿದೆಯಲ್ಲವಾ ಎಂದು ಕೇಳಿದರು. ಹೂಂ, ಇಳಿದಿದೆ ಎಂದ ಅತ್ತೆ, ಅದನ್ನು ತೋರಿಸಲು ಮುಷ್ಟಿ ಕಟ್ಟಹೋದರು. ಬೆರಳುಗಳು ಅರ್ಧಕ್ಕೇ ನಿಂತವು. ಮಾವ ತಮ್ಮ ಎರಡೂ ಕೈಗಳಿಂದ ಆ ಅರೆಮುಷ್ಟಿಯನ್ನು ಮುಚ್ಚಿ ಹಿಡಿದುಕೊಂಡರು.